ಬಲಗಡೆಯ ಕಿತ್ತಳೆ ದೀಪ

ಮೋಟಾರು ವಾಹನ ನಿರೀಕ್ಷಕ ಎಂಬುದು ಸರ್ಕಾರ ನನಗೆ ಕೊಟ್ಟ ಹೆಸರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಜನ ಇಟ್ಟ ಹೆಸರು ಬ್ರೇಕ್ ಇನ್‌ಸ್ಪೆಕ್ಟರ್. ನಾನು ಬ್ರೇಕು ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ಅವರ ನಂಬಿಕೆ. ಹೇಳಿ ಹೇಳಿ ಸಾಕಾಗಿ ನಾನೂ ಅದಕ್ಕೇ ಓಗೊಡುತ್ತಿದ್ದೆ. ಆದರೆ ಇಲಾಖೆಗೆ ಈಗ ಸೇರುತ್ತಿರುವ ನಿಮಗೆ ನಿಜ ಹೇಳುತ್ತೇನೆ. ನನ್ನ ನೌಕರಿಯಲ್ಲಿ ನನ್ನ ತಲೆ ತಿಂದದ್ದು ಬ್ರೇಕಲ್ಲ, ವಾಹನದ ಮೂಲೆಯಲ್ಲಿ ಮಿಣುಕುವ ತಿರುವಿನ ದೀಪ. ಅದನ್ನು ಇಂಡಿಕೇಟರ್ ಎನ್ನುತ್ತೀರಿ, ನಾನೂ ಹಾಗೇ ಬರೆಯುತ್ತೇನೆ.

ಯಾವಾಗ ಬಡ್ತಿ ಸಿಕ್ಕಿತು, ಯಾರ ಕೈಯಿಂದ ಶಾಲು ಹೊದೆಸಿಕೊಂಡೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ?

ನಾನು ಮಸ್ಕಿಯವನು. ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗ ಸಿಂಧನೂರಿನ ಸುತ್ತ ಕಾಲುವೆ ನೀರು ಹರಿದು ಭತ್ತದ ದುಡ್ಡು ಓಡಾಡುತ್ತಿತ್ತು. ನೀರಾವರಿಗೆಂದು ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಒಬ್ಬೊಬ್ಬರಾಗಿ ಹಳೆಯ ಅಂಬಾಸಿಡರ್ ಕೊಳ್ಳುತ್ತಿದ್ದರು. ಕಾರು ಮನೆಗೆ ಬಂದ ಮೇಲೆ ಮೊದಲ ಪ್ರಯಾಣ ದೇವಸ್ಥಾನಕ್ಕೆ, ಎರಡನೆಯದು ಸುಬ್ಬಾರಾವ್ ಅಂಗಡಿಗೆ. ಸುಬ್ಬಾರಾವ್ ಬಸ್‌ಸ್ಟ್ಯಾಂಡಿನ ಹಿಂದೆ ವಾಹನದ ಬಿಡಿಭಾಗ ಮಾರುತ್ತಿದ್ದ, ವೈರಿಂಗನ್ನೂ ಮಾಡುತ್ತಿದ್ದ. ಕಾರ್ಖಾನೆಯವರು ಕೊಟ್ಟ ದೀಪ ಯಾರಿಗೂ ಸಾಲುತ್ತಿರಲಿಲ್ಲ. ಅವನ ಅಂಗಡಿಯಲ್ಲಿ ಹಸಿರು ಇಂಡಿಕೇಟರ್ ಇತ್ತು, ನೀಲಿ ಇತ್ತು, ಒಂದರ ಹಿಂದೊಂದು ಓಡುವ ಸಾಲುದೀಪ ಇತ್ತು. ತಿರುಗುವಾಗ ಪೀಪೀ ಎಂದು ಹಾಡುವುದೂ ಇತ್ತು. ಕೆಲವು ಎಷ್ಟು ನಿಧಾನ ಮಿಣುಕುತ್ತಿದ್ದವೆಂದರೆ, ಎಡಕ್ಕೆ ಹೊರಟಿದ್ದೇನೆ ಎಂದು ದೀಪ ಹೇಳಿ ಮುಗಿಸುವಷ್ಟರಲ್ಲಿ ಕಾರು ಮನೆ ಸೇರಿ ಧಣಿ ಊಟಕ್ಕೆ ಕೂತಿರುತ್ತಿದ್ದ.

ಅಂಥ ಒಬ್ಬ ಧಣಿ, ಹಸಿರು ದೀಪದ ಕಾರು ತಂದವರು, ನನ್ನೊಡನೆ ಜಗಳಕ್ಕೇ ನಿಂತರು.

"ಹಸಿರು ಅಂದ್ರ ಪೈರಿನ ಬಣ್ಣ. ಅದರಾಗ ಏನ್ ತಪ್ಪು ಕಂಡೀರಿ?"

"ಪೈರು ಹೊಲದಾಗ ಇರ್ಲಿ ಧಣಿ. ಹಿಂದಿನ ಗಾಡಿಯಂವ ಹಸಿರು ಕಂಡ್ರ ದಾರಿ ಖುಲ್ಲಾ ಐತಿ ಅಂತ ತಿಳಕೊಂಡು ನಿಮ್ಮ ಡಿಕ್ಕಿಯೊಳಗ ಬಂದು ಕೂಡ್ತಾನ."

ಎಂಬತ್ತೊಂಬತ್ತರಲ್ಲಿ ಕೇಂದ್ರದ ಹೊಸ ನಿಯಮಗಳು ಬಂದವು. ತಿರುವಿನ ದೀಪ ಕಿತ್ತಳೆ ಬಣ್ಣದ್ದೇ ಇರಬೇಕು, ನಿಮಿಷಕ್ಕೆ ಅರವತ್ತಕ್ಕಿಂತ ಕಡಿಮೆ ಅಲ್ಲ, ನೂರಿಪ್ಪತ್ತಕ್ಕಿಂತ ಹೆಚ್ಚಲ್ಲ, ಹಾಗೆ ಮಿಣುಕಬೇಕು. ಅದು ನನಗೆ ಬಹಳ ಇಷ್ಟವಾದ ನಿಯಮ. ಕೆಂಪು ನಿಲ್ಲುವುದಕ್ಕೆ, ಕಿತ್ತಳೆ ತಿರುಗುವುದಕ್ಕೆ. ಓದು ಬಾರದವನಿಗೂ ತಿಳಿಯುವ ಭಾಷೆ. ಅಳೆಯಲು ಉಪಕರಣ ಯಾರು ಕೊಟ್ಟಾರು? ಕೈಗಡಿಯಾರ ನೋಡುತ್ತ, ಬಿಸಿಲಿಗೆ ದೀಪ ಕಾಣದಿದ್ದರೆ ಟವೆಲ್ಲನ್ನು ಅದರ ಮೇಲೆ ಗುಡಾರದಂತೆ ಹಿಡಿದು, ಒಳಗೆ ತಲೆ ಹಾಕಿ ಎಣಿಸುತ್ತಿದ್ದೆ. ಸುತ್ತ ನಿಂತವರು ನಾನು ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿದ್ದೇನೇನೋ ಎಂಬಂತೆ ನೋಡುತ್ತಿದ್ದರು.

ನಾನು ಮೋಸ ಹೋದ ಕತೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಚೇರಿ ಜಿಲ್ಲಾ ಕೇಂದ್ರದಲ್ಲಿ. ಸಿಂಧನೂರಿಗೂ ಲಿಂಗಸುಗೂರಿಗೂ ಗೊತ್ತಾದ ದಿನ ಹೋಗಿ ಬಯಲಿನಲ್ಲಿ ಮೇಜು ಹಾಕಿ ವಾಹನ ಪರೀಕ್ಷೆ ಮಾಡುತ್ತಿದ್ದೆವು. ಹೊಸ ನಿಯಮ ಬಂದ ಮೇಲೆ ಸಿಂಧನೂರಿನ ಟ್ಯಾಕ್ಸಿಗಳೆಲ್ಲ ಒಂದೇ ಸಲಕ್ಕೆ ಶಿಸ್ತಿನ ಸಿಪಾಯಿಗಳಾದವು. ಬಂದದ್ದೆಲ್ಲ ಕಿತ್ತಳೆ ದೀಪ, ಅಚ್ಚುಕಟ್ಟು. ನಾನು ಹಿಗ್ಗಿಹೋದೆ. ಒಂದು ಮಧ್ಯಾಹ್ನ ಜೀಪೊಂದರ ಎಡದೀಪದ ಗಾಜಿನಲ್ಲಿ ಸೀಳು ಕಂಡಿತು, ಅದಕ್ಕೆ ಅಂಟು ಹಚ್ಚಿ ಬೆಂಕಿಕಡ್ಡಿಯ ಚೂರು ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಬಂದ ಕಾರಿನಲ್ಲೂ ಅದೇ ಸೀಳು, ಅದೇ ಬೆಂಕಿಕಡ್ಡಿ. ಬೇವಿನ ಮರದ ಹಿಂದೆ ಹೋಗಿ ನೋಡಿದರೆ ಸುಬ್ಬಾರಾವ್ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾನೆ. ಪಾಸಾದ ಗಾಡಿಯಿಂದ ಬಿಚ್ಚುವುದು, ಪಾಸಾಗಬೇಕಾದ ಗಾಡಿಗೆ ಕಟ್ಟುವುದು. ಇಡೀ ತಾಲ್ಲೂಕಿನ ವಾಹನಗಳು ಒಂದೇ ಜೊತೆ ದೀಪದಲ್ಲಿ ನನ್ನ ಮುಂದೆ ಹಾದುಹೋಗಿದ್ದವು.

"ಇದೇನೋ ಸುಬ್ಬಾರಾವ್?"

"ಸಾರ್, ಮದುವಿಗೆ ಬಂಗಾರ ಎರವಲು ತರಂಗಿಲ್ಲೇನ್ರಿ? ಹಂಗ. ಮದುವಿ ಮುಗೀತು, ವಾಪಸು."

ನನಗೆ ಸಿಟ್ಟು ನೆತ್ತಿಗೇರಿತು, ನಗುವೂ ಬಂತು. ಆ ಜೋಡಿ ದೀಪವನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಉಳಿದ ಗಾಡಿಗಳೆಲ್ಲ ಸಪ್ಪೆ ಮುಖ ಮಾಡಿ ಮನೆಗೆ ಹೋದವು. ಅಂದಿನಿಂದ ನಾನು ದೀಪಕ್ಕಿಂತ ಮೊದಲು ಸ್ಕ್ರೂ ನೋಡುವುದನ್ನು ಕಲಿತೆ. ಗಾಡಿಯ ಮೈಗೆಲ್ಲ ಧೂಳು ಕೂತು, ದೀಪದ ಸ್ಕ್ರೂ ಮಾತ್ರ ಫಳಫಳ ಹೊಳೆದರೆ ಅದು ಎರವಲು. ನೀವೂ ಸ್ಕ್ರೂ ನೋಡಿ.

ಆ ದಿನಗಳಲ್ಲಿ ಸ್ಕ್ರೂ ತುಕ್ಕು ಹಿಡಿದಿದ್ದ ಟ್ಯಾಕ್ಸಿ ಎಂದರೆ ಅಮರೇಶನದು. ಅಮರೇಶ ಗುರುಗುಂಟಾದವನು. ಹಟ್ಟಿಯ ಒಬ್ಬ ಮಾಲೀಕರ ಅಂಬಾಸಿಡರ್ ಓಡಿಸುತ್ತಿದ್ದ; ಗಣಿಯ ಜನರನ್ನು ಸಿಂಧನೂರಿಗೆ, ಲಿಂಗಸುಗೂರಿಗೆ ಕರೆದೊಯ್ಯುತ್ತಿದ್ದ. ಮೊದಲ ಸಲ ಅವನ ಗಾಡಿಯಲ್ಲಿ ನೀಲಿ ದೀಪವಿತ್ತು. ವಾಪಸು ಕಳಿಸಿದೆ. ಮಾಲೀಕರ ಬೆನ್ನುಹತ್ತಿ, ದೊಡ್ಡ ಕಿತ್ತಳೆ ದೀಪಗಳನ್ನು ಹೊರಗಿನಿಂದ ತಂದು ಹಿಂಭಾಗದ ಎರಡೂ ಕಡೆ ಭದ್ರವಾಗಿ ಕೂರಿಸಿಕೊಂಡು ಬಂದ. ಬಣ್ಣ ಸರಿ, ಎತ್ತರ ಸರಿ, ಮಿಣುಕುವ ವೇಗ ಸರಿ, ನಡುಬಿಸಿಲಿನಲ್ಲೂ ದೂರಕ್ಕೆ ಕಾಣುವ ಬೆಳಕು. ಮುಂದಿನ ವರ್ಷವೂ ಅದೇ ದೀಪ, ಅದೇ ಸ್ಕ್ರೂ. ನಾನು ಬೇರೆ ಚಾಲಕರನ್ನು ಕರೆದು, ದೀಪ ಅಂದ್ರ ಹಿಂಗಿರಬೇಕು ನೋಡ್ರಲೇ ಎಂದು ತೋರಿಸುತ್ತಿದ್ದೆ. ಅಮರೇಶ ನಾಚಿಕೊಂಡು ಚಕ್ರ ಒರೆಸುತ್ತ ನಿಲ್ಲುತ್ತಿದ್ದ.

ಆ ಟ್ಯಾಕ್ಸಿಗೇ ಅಪಘಾತವಾಯಿತು.

ಭತ್ತದ ಸುಗ್ಗಿ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಲಾರಿಗಳ ಸಾಲು. ಅಮರೇಶ ಸಿಂಧನೂರಿನಲ್ಲಿ ಒಬ್ಬರನ್ನೇ ಹತ್ತಿಸಿಕೊಂಡಿದ್ದ. ಅವರು ಶಿವಪ್ಪ ಮಾಸ್ತರು, ಸಂತೆಕಲ್ಲೂರಿನ ಕಡೆಯವರು, ಕಣ್ಣಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಸಂಜೆಯ ಹೊತ್ತು, ಮಾಸ್ತರ ಮನೆಯ ದಾರಿಗೆ ಅಮರೇಶ ಬಲಗಡೆ ದೀಪ ಹಾಕಿ ಗಾಡಿ ತಿರುಗಿಸಿದ. ಹಿಂದಿದ್ದ ಭತ್ತದ ಲಾರಿ ಅದೇ ಗಳಿಗೆಗೆ ಬಲದಿಂದಲೇ ಮುಂದೆ ಹೋಗಲು ನುಗ್ಗಿತು. ಟ್ಯಾಕ್ಸಿಯ ಬಲಗಡೆ ಹಿಂಬಾಗಿಲಿಗೆ ಗುದ್ದಿತು. ಮಾಸ್ತರು ಕೂತದ್ದು ಅಲ್ಲೇ. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದರು. ಲಾರಿಯ ಚಾಲಕ ಖಾದರ್ ಓಡಿಹೋಗಲಿಲ್ಲ. ಮಾಸ್ತರನ್ನು ಬೇರೆ ಗಾಡಿಗೆ ಎತ್ತಿ ಹಾಕಲು ಅವನೇ ಕೈಕೊಟ್ಟಿದ್ದ. ಅಜಾಗರೂಕತೆಯಿಂದ ಓಡಿಸಿ ಸಾವು ತಂದ ಎಂದು ಪೊಲೀಸರು ಅವನನ್ನು ಹಿಡಿದು ಕೂರಿಸಿದರು.

ಮರುದಿನ ಬೆಳಿಗ್ಗೆ ವಾಹನ ಪರೀಕ್ಷಿಸಲು ನಾನು ಅಪಘಾತದ ಜಾಗಕ್ಕೆ ಹೋದೆ. ಲಾರಿಯ ಬ್ರೇಕು ಸರಿ, ಸ್ಟಿಯರಿಂಗ್ ಸರಿ. ಟ್ಯಾಕ್ಸಿಯ ಬಲಗಡೆ ದೀಪ ಚೂರಾಗಿತ್ತು, ಬಲ್ಬು ಒಡೆದಿತ್ತು. ಒಡೆದ ಬಲ್ಬನ್ನು ಎಸೆಯಬೇಡಿ, ಅದು ಮಾತಾಡುತ್ತದೆ. ದೀಪ ಆರಿರುವಾಗ ಒಡೆದರೆ ಒಳಗಿನ ತಂತಿ ಹೊಳಪಾಗಿಯೇ ಇರುತ್ತದೆ. ಉರಿಯುತ್ತಿರುವಾಗ ಒಡೆದರೆ ಕಾದ ತಂತಿಗೆ ಗಾಳಿ ತಾಗಿ ಕಪ್ಪಿಡುತ್ತದೆ, ಎಳೆದಂತೆ ಜೋತುಬೀಳುತ್ತದೆ. ಈ ಬಲ್ಬಿನ ತಂತಿ ಕಪ್ಪಿಟ್ಟು ಜೋತುಬಿದ್ದಿತ್ತು. ಗುದ್ದಿದ ಕ್ಷಣದಲ್ಲಿ ಬಲದೀಪ ಉರಿಯುತ್ತಿತ್ತು, ಅನುಮಾನವೇ ಇಲ್ಲ. ನನಗೆ ಖುಷಿಯಾಯಿತು ಎಂದರೆ ನೀವು ಬೈಯಬಾರದು. ಕೆಲಸ ಬಲ್ಲವನಿಗೆ ಬರುವ ಖುಷಿ ಅದು.

ರಸ್ತೆಯ ಬದಿಗೆ ಮಾಸ್ತರ ಹೆಂಡತಿ ನೀಲಮ್ಮ ತನ್ನ ತಮ್ಮನ ಜೊತೆ ನಿಂತಿದ್ದರು. ಯಾರು ಎಷ್ಟು ಹೇಳಿದರೂ ಮನೆಯಲ್ಲಿ ಕೂಡಲಿಲ್ಲವಂತೆ. ಅಳುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

"ಏನ್ ಸಿಕ್ತ್ರಿ ಸಾಹೇಬ್ರ?"

"ಟ್ಯಾಕ್ಸಿ ದೀಪ ಹತ್ತಿತ್ತವ್ವ. ತಿರುಗ್ತೀನಿ ಅಂತ ಹೇಳ್ಯಾನ."

"ಮತ್ತ ಲಾರಿಯಂವಗ ಕಾಣಲಿಲ್ಲೇನ್ರಿ?"

"ಕಾಣಬೇಕಾಗಿತ್ತು," ಎಂದೆ. ಆಕೆ ತಲೆಯಾಡಿಸಿದರು. ಆಗ ನನಗೂ ಅಷ್ಟೇ ಗೊತ್ತಿದ್ದದ್ದು.

ಠಾಣೆಯಲ್ಲಿ ಖಾದರ್ ಗೋಡೆಗೆ ಒರಗಿ ಕೂತಿದ್ದ. ನಡುವಯಸ್ಸಿನವ, ಅಂಗಿಯ ಮೇಲೆ ಇನ್ನೂ ಮಾಸ್ತರ ರಕ್ತದ ಕಲೆ. ಬ್ರೇಕಿನ ಬಗ್ಗೆ ಕೇಳಿ ಮುಗಿಸಿ, ಎದ್ದು ಹೋಗುವ ಮೊದಲು ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ಬಲದೀಪ ಹತ್ತಿತ್ತಲ್ಲೋ. ಕಣ್ಣು ಎಲ್ಲಿಟ್ಟಿದ್ದಿ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. "ಹತ್ತಿತ್ರೀ. ಹತ್ತಿತ್ತಂತನ ನಾ ಹೋದೆ."

ಏಳಲು ಹೊರಟವನು ಮತ್ತೆ ಕೂತೆ.

ನಮ್ಮ ರಸ್ತೆಯ ಪದ್ಧತಿ ನಿಮಗೆ ಗೊತ್ತಿಲ್ಲದಿರಬಹುದು, ಅದಕ್ಕೆ ಹೇಳುತ್ತೇನೆ. ಮುಂದಿನ ಗಾಡಿಯವನು ಬಲಗಡೆ ದೀಪ ಮಿಣುಕಿಸಿದರೆ ಹಿಂದಿನವನು ಓದಿಕೊಳ್ಳುತ್ತಿದ್ದದ್ದು, "ಎದುರಿಗೆ ಯಾರೂ ಇಲ್ಲ, ನನ್ನನ್ನು ದಾಟಿ ಹೋಗು" ಎಂದು. ಸೈಡ್ ಕೊಡುವುದು ಎನ್ನುತ್ತಿದ್ದರು. ಹಿಂದೆ ಇದನ್ನೇ ಕಿಟಕಿಯಿಂದ ಕೈ ಬೀಸಿ ಹೇಳುತ್ತಿದ್ದರು. ಒಳ್ಳೆಯ ದೀಪ ಬಂದ ಮೇಲೆ ಕೈ ಒಳಗೇ ಉಳಿಯಿತು, ದೀಪ ಆ ಕೆಲಸ ಮಾಡಿತು. ಸೈಡ್ ಕೊಟ್ಟವನಿಗೆ ದಾಟಿದವನು ಒಂದು ಹಾರ್ನ್ ಹೊಡೆದು ಉಪಕಾರ ಸ್ಮರಿಸುತ್ತಿದ್ದ. ಅದೊಂದು ಮರ್ಯಾದೆ. ನಮ್ಮ ಇಲಾಖೆಯ ಜೀಪಿನ ಚಾಲಕನೂ ಹಾಗೇ ಮಾಡುತ್ತಿದ್ದ, ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನಿಯಮದ ಪುಸ್ತಕದಲ್ಲಿ ಆ ದೀಪಕ್ಕೆ ಇರುವ ಅರ್ಥವೂ ಈ ಅರ್ಥವೂ ಒಂದು ದಿನ ಒಂದಕ್ಕೊಂದು ಗುದ್ದಬಹುದು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಖಾದರ್ ಮುಂದುವರಿಸಿದ. "ಸಿಂಧನೂರು ದಾಟಿದ ಮ್ಯಾಲ ಅದ ಟ್ಯಾಕ್ಸಿ, ಅದ ಲೈಟ್ ಹಾಕಿ ನನಗ ಹೋಗು ಅಂದಿತ್ರಿ. ನಾ ಹೋದೆ, ಹಾರನ್ ಹೊಡೆದೆ. ಮಸ್ಕ್ಯಾಗ ಚಾ ಕುಡ್ಯಾಕ ನಿಂತೆ, ಅದು ಮುಂದ ಹೋತು. ಸಂತೆಕಲ್ಲೂರ ಹತ್ರ ಮತ್ತ ಸಿಕ್ತು. ಮತ್ತ ಲೈಟ್ ಹಾಕಿತು. ಭಲೇ ಆದ್ಮಿ ಅದಾನ, ಇನ್ನೊಮ್ಮಿ ದಾರಿ ಕೊಟ್ಟಾನ ಅನ್ಕೊಂಡೆ. ಪೊಲೀಸರಿಗೆ ಹೇಳಿದೆ, ನಗಾಕತ್ತಿದ್ರು."

ನಾನು ನಗಲಿಲ್ಲ. ಅವನ ಮಾತು ನಿಜವಾದರೆ, ಅವನನ್ನು ಜೈಲಿಗೆ ಕಳಿಸಲು ನಾನು ಹುಡುಕಿ ತೆಗೆದ ಬಲ್ಬೇ ಅವನ ಸಾಕ್ಷಿಯೂ ಆಗಿತ್ತು. ಆದರೆ ಮೊದಲ ಸಲದ ದೀಪವನ್ನು ಕಂಡವರು ಮೂವರೇ. ಖಾದರನನ್ನು ಯಾರೂ ನಂಬುವುದಿಲ್ಲ, ಮಾಸ್ತರು ಇಲ್ಲ, ಉಳಿದವನು ಅಮರೇಶ.

ಗುರುಗುಂಟಾದಲ್ಲಿ ಅಮರೇಶ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹಣೆಗೆ ಪಟ್ಟಿ ಕಟ್ಟಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಅದೇ ಲಾರಿಗೆ ಮೊದಲು ಸೈಡ್ ಕೊಟ್ಟಿದ್ದಿಯಾ?

"ಕೊಟ್ಟಿದ್ದೆ ಸಾಹೇಬ್ರ. ಅವ ಹಾರನ್ ಹೊಡೆದದ್ದು ಇನ್ನೂ ಕಿವ್ಯಾಗ ಐತಿ. ಆಮ್ಯಾಲ ಮಾಸ್ತರ್ರ ಜೋಡಿ ಮಾತಾಡಕೋತ ನಿಧಾನಕ ಬಂದೆ, ಹಿಂದ ಯಾವ ಲಾರಿ ಐತಿ ನೋಡಲಿಲ್ಲ. ಯಾರಿಗೂ ಹೇಳಬ್ಯಾಡ ಅಂದಾರ ಮಾಲಕರು. ಹೇಳಿದ್ರ ನನ್ನ ಮ್ಯಾಲ ಬರ್ತದ. ಲೈಸೆನ್ಸ್ ಹೋದ್ರ ನನಗ ಬ್ಯಾರೆ ಏನ್ ಬರ್ತದ ಹೇಳ್ರಿ?"

ನನಗೆ ಸಿಟ್ಟು ಬರಲಿಲ್ಲ. "ಕೋರ್ಟಿನ್ಯಾಗ ಕೇಳಿದ್ರ ಖರೆ ಹೇಳು," ಎಂದಷ್ಟೇ ಹೇಳಿ ಎದ್ದೆ. ಕೇಳದಿದ್ದರೆ ಏನು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಂಗತಿಯನ್ನು ವರದಿಯಲ್ಲಿ ಸೇರಿಸುತ್ತೇನೆಂದು ಮೇಲಧಿಕಾರಿಗಳ ಬಳಿ ಹೋದೆ. ನಮ್ಮ ಸಾಹೇಬರು ಮೈಸೂರು ಸೀಮೆಯವರು, ನಿಯಮಗಳನ್ನು ಪುಟದ ಸಮೇತ ಬಾಯಿಪಾಠ ಮಾಡಿದ್ದವರು. ಕೆಟ್ಟ ಮನುಷ್ಯರಲ್ಲ, ಯಾರಿಂದಲೂ ಒಂದು ಕಪ್ ಚಹಾ ಮುಟ್ಟಿದವರಲ್ಲ. ಬಲ್ಬಿನ ಪತ್ತೆಗೆ ನನ್ನ ಬೆನ್ನು ತಟ್ಟಿದರು. ಉಳಿದದ್ದಕ್ಕೆ ಕನ್ನಡಕ ತೆಗೆದರು.

"ರಸ್ತೆಯಲ್ಲಿ ಜನ ಏನೆಂದುಕೊಳ್ಳುತ್ತಾರೆ ಅನ್ನೋದನ್ನ ಬರೆಯೋಕೆ ನಿಮ್ಮನ್ನ ಕಳಿಸಿಲ್ಲ ಕಣ್ರೀ. ದೀಪ ನಿಯಮದ ಪ್ರಕಾರ ಇತ್ತಾ?"

"ಇತ್ತು ಸರ್."

"ಉರೀತಿತ್ತಾ?"

"ಉರೀತಿತ್ತು."

"ಅಷ್ಟು ಬರೀರಿ. ಇವತ್ತು ನಾವು ಆ ಪದ್ಧತಿಯನ್ನ ಒಪ್ಪಿಕೊಂಡ್ರೆ ನಾಳೆ ಪ್ರತಿಯೊಬ್ಬನೂ ಗುದ್ದಿ ಬಂದು ಅದನ್ನೇ ಹೇಳ್ತಾನೆ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ಅಷ್ಟೇ ಬರೆದೆ.

ಲಿಂಗಸುಗೂರಿನ ನ್ಯಾಯಾಲಯದಲ್ಲಿ ವಿಚಾರಣೆ ಬರಲು ತಿಂಗಳುಗಳೇ ಹಿಡಿದವು. ನನ್ನ ಸಾಕ್ಷಿ ಮೊದಲು. ಸರ್ಕಾರಿ ವಕೀಲರು ದೀಪದ ಬಣ್ಣ ಕೇಳಿದರು, ಬಲ್ಬಿನ ತಂತಿ ಕೇಳಿದರು. ನಾನು ಹೇಳಿದೆ. "ಆದರೆ ಸ್ವಾಮಿ, ನಮ್ಮ ಕಡೆ ಚಾಲಕರಲ್ಲಿ..." ಎಂದು ಬಾಯಿ ತೆಗೆಯುತ್ತಿದ್ದಂತೆ ನ್ಯಾಯಾಧೀಶರು, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ಖಾದರನ ವಕೀಲರು ಆ ಎಳೆ ಹಿಡಿದು ಎಳೆಯುತ್ತಾರೆಂದು ಕಾದೆ. ಅವರು ಕಡತ ತಿರುವುತ್ತ, ಪ್ರಶ್ನೆಗಳಿಲ್ಲ ಎಂದರು. ನಾನು ಇಳಿದು ಬಂದು ಬೆಂಚಿನ ಮೇಲೆ ಕೂತೆ. ಎದುರು ಬೆಂಚಿನಲ್ಲಿ ನೀಲಮ್ಮ ಇದ್ದರು. ಖಾದರನಿಗೆ ಶಿಕ್ಷೆಯಾಗುವುದು ನನ್ನ ಮಾತಿನಿಂದಲೇ ಎಂದು ಅವರು ನನ್ನತ್ತ ಕೈಮುಗಿದರು. ಎದ್ದು ಹೊರಗೆ ಹೋಗಬೇಕೆನ್ನಿಸಿತು, ಆದರೆ ಅಷ್ಟರಲ್ಲಿ ಅಮರೇಶನನ್ನು ಕರೆದರು, ಕೂತೇ ಉಳಿದೆ.

ಅವನು ಕಟಕಟೆ ಹತ್ತಿದ. ಬಲದೀಪ ಹಾಕಿದ್ದೆಯಾ? ಹಾಕಿದ್ದೆ. ಎಷ್ಟು ಮೊದಲು? ಸಾಕಷ್ಟು ಮೊದಲು. ಆದರೂ ಲಾರಿಯವನು ನುಗ್ಗಿದನೇ? ನುಗ್ಗಿದ. ವಕೀಲರು, ಆಯಿತು, ಇಳಿ ಎಂದರು. ಅಮರೇಶ ಇಳಿಯಲಿಲ್ಲ. ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

"ಇನ್ನೊಂದು ಐತ್ರಿ ಸಾಹೇಬ್ರ. ಯಾರೂ ಕೇಳಲಿಲ್ಲ."

ವಕೀಲರು ಕೈಸನ್ನೆ ಮಾಡಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಹೇಳು ಎಂದರು.

"ಸಿಂಧನೂರ ದಾಟಿ ಬರುಮುಂದ ಅದ ಲೈಟ್ ಹಾಕಿ ಈ ಖಾದರ್‌ಗ ಮುಂದ ಹೋಗು ಅಂದಿದ್ದೆ. ಸಂತೆಕಲ್ಲೂರ ಹತ್ರ ಅದ ಲೈಟ್ ಹಾಕಿ ನಿಲ್ಲು ಅಂದೆ. ಅವಗ ಹೆಂಗ ತಿಳೀಬೇಕ್ರಿ? ನನಗರ ತಿಳೀತಿತ್ತೇನು? ನಾ ಅವನ ಜಾಗಾದಾಗ ಇದ್ರ ನಾನೂ ಹೋಗ್ತಿದ್ದೆ."

ಅವನ ಮಾಲೀಕರು ಹಿಂದಿನ ಸಾಲಿನಿಂದ ಎದ್ದು ಹೊರಗೆ ನಡೆದರು. ಖಾದರ್ ಮುಖ ಮುಚ್ಚಿಕೊಂಡು ಅತ್ತ. ನನ್ನನ್ನು ಮತ್ತೆ ಕರೆಸಿ, ಇಂಥ ಪದ್ಧತಿ ಇರುವುದು ನಿಜವೇ ಎಂದು ನ್ಯಾಯಾಧೀಶರೇ ಕೇಳಿದರು. ಇದೆ, ನಮ್ಮ ಜೀಪಿನಲ್ಲೂ ಇದೆ ಎಂದೆ.

ಆ ಮಾತಿನ ಬೆಲೆಯನ್ನು ಅಮರೇಶನೇ ತೆತ್ತ. ಮಾಲೀಕರು ಅವನನ್ನು ಕೆಲಸದಿಂದ ತೆಗೆದರು. ದೀಪದ ದುರುಪಯೋಗವನ್ನು ತಾನೇ ಒಪ್ಪಿಕೊಂಡಿದ್ದಾನೆಂದು ನಮ್ಮ ಕಚೇರಿಯಿಂದ ಅವನ ಲೈಸೆನ್ಸನ್ನು ಕೆಲಕಾಲ ಅಮಾನತ್ತಿನಲ್ಲಿಟ್ಟರು. ಆ ನೋಟಿಸನ್ನು ಗುರುಗುಂಟಾಕ್ಕೆ ತಲುಪಿಸಿದವನು ನಾನೇ. ಅವನು ಲೈಸೆನ್ಸ್ ತಂದು ಕೈಗಿಟ್ಟ, ಆಮೇಲೆ ನೀರು ಬೇಕೇನ್ರಿ ಎಂದು ಕೇಳಿದ. ನನ್ನ ಇಡೀ ನೌಕರಿಯಲ್ಲಿ ಅಷ್ಟು ನಾಚಿಕೆಯಾದ ಗಳಿಗೆ ಇನ್ನೊಂದಿಲ್ಲ, ನಾನು ಮಾಡಿದ್ದು ಕಾಯಿದೆಯ ಪ್ರಕಾರ ಸರಿಯಾಗಿಯೇ ಇತ್ತು.

ನನ್ನ ಕೆಲಸದ ರೀತಿ ಬದಲಾದದ್ದು ಆಮೇಲೆ. ಲೈಸೆನ್ಸಿಗೆ ಬಂದವರನ್ನು, ಮುಂದಿನ ಗಾಡಿ ಬಲದೀಪ ಹಾಕಿದರೆ ಏನು ಅರ್ಥ ಎಂದು ಕೇಳುತ್ತಿದ್ದೆ. ಎಲ್ಲರೂ ಗಿಳಿಪಾಠ ಒಪ್ಪಿಸುತ್ತಿದ್ದರು: ಬಲಕ್ಕೆ ತಿರುಗುತ್ತದೆ. "ಅದು ಪರೀಕ್ಷಾಕ್ಕಾತು. ಖರೆ ಏನ್ ಮಾಡ್ತಿ ಹೇಳು" ಎಂದರೆ ಹಲ್ಲು ಕಿರಿಯುತ್ತಿದ್ದರು. ಆಗ ಕೂರಿಸಿಕೊಂಡು ಶಿವಪ್ಪ ಮಾಸ್ತರ ಕತೆ ಹೇಳುತ್ತಿದ್ದೆ. ಎಷ್ಟು ಜನ ಕೇಳಿದರೋ ಗೊತ್ತಿಲ್ಲ. ದೀಪದ ಬಣ್ಣ ಬದಲಿಸುವುದು ಸುಲಭ, ಸ್ಕ್ರೂಡ್ರೈವರ್ ಇದ್ದರೆ ಸಾಕು. ಮನಸ್ಸಿನಲ್ಲಿ ಕೂತ ಅರ್ಥಕ್ಕೆ ಸ್ಕ್ರೂ ಎಲ್ಲಿದೆ ಎಂದು ನನಗೆ ಕೊನೆಗೂ ಸಿಗಲಿಲ್ಲ. ನಿಮಗೆ ಸಿಕ್ಕರೆ ಒಳ್ಳೆಯದು.

ತೀರ್ಪಿನ ದಿನದ ಸಂಗತಿ ಹೇಳಿ ಮುಗಿಸುತ್ತೇನೆ. ಖಾದರ್ ಬಿಡುಗಡೆಯಾದ. ಹೊರಗೆ ಬಂದಾಗ ನೀಲಮ್ಮ ಮೆಟ್ಟಿಲ ಪಕ್ಕ ಒಬ್ಬರೇ ನಿಂತಿದ್ದರು. ಖಾದರ್ ಹೋಗಿ ಅವರ ಕಾಲಿಗೆ ಬಾಗಿದ. ಅಮರೇಶನೂ ಬಂದಿದ್ದ, ಕೈಮುಗಿದು ಸ್ವಲ್ಪ ದೂರದಲ್ಲೇ ನಿಂತ. ನಾನೂ ಹತ್ತಿರ ಹೋದೆ. ನೀಲಮ್ಮ ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತ ನಿಧಾನವಾಗಿ ಮಾತಾಡಿದರು.

"ದೀಪ ಸರಿ ಇತ್ತು ಅಂದ್ರಿ ನೀವು. ಇಂವ ಸರಿ ಹೊತ್ತಿಗೆ ಹಚ್ಚಿದ್ದ ಅಂದ್ರಿ. ಅಂವ ತನಗ ತಿಳಿದಂಗ ಸರಿ ಬಂದಾನ ಅಂತ ಇವತ್ತು ಕೋರ್ಟ್ ಹೇಳ್ತು. ಎಲ್ಲಾರೂ ಸರಿ ಇದ್ದೀರಿ ಯಪ್ಪಾ. ಮತ್ತ ನಮ್ಮ ಮನುಷ್ಯಾ ಎಲ್ಲಿ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಸೆರಗು ಸರಿಪಡಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು, ಸಂತೆಕಲ್ಲೂರಿನ ಬಸ್ಸಿಗೆ ಹೊತ್ತಾಗಿತ್ತು.